ದೊಡ್ಡ ರೇಟಿಂಗ್‌ನವರ ಜೋಡಿ ಚೆಸ್ ಡ್ರಾ ಆದ್ರ ಪಾಯಿಂಟ್ ಎಷ್ಟು?

ಸಾಲಹಳ್ಳಿ: ಬೆಳಗಾವಿಗೋ ಹುಬ್ಬಳ್ಳಿಗೋ ಚೆಸ್ ಟೂರ್ನಿಗೆ ಹೋಗಿ ಬಂದ ಹುಡುಗನಿಗೆ ಮನೆಯಲ್ಲಿ ಕೇಳುವ ಮೊದಲ ಮಾತು 'ಗೆದ್ದ್ಯೋ, ಸೋತ್ಯೋ?' ಅಂತ. 'ಡ್ರಾ ಆತು' ಅಂದರೆ ಮುಖ ಸಣ್ಣದಾಗುತ್ತದೆ. ಎದುರಿಗೆ ಕೂತವರ ರೇಟಿಂಗ್ ಎಷ್ಟಿತ್ತು ಎಂದು ಕೇಳುವವರು ಕಡಿಮೆ. ಲೆಕ್ಕ ಇರೋದೇ ಅಲ್ಲಿ.

2023ರ ಆಗಸ್ಟ್‌ನಲ್ಲಿ ಬಾಕು ನಗರದಲ್ಲಿ ವಿಶ್ವಕಪ್ ಫೈನಲ್ ನಡೆಯಿತು. ಒಂದು ಕಡೆ ಮ್ಯಾಗ್ನಸ್ ಕಾರ್ಲ್‌ಸನ್, ರೇಟಿಂಗ್ 2835. ಇನ್ನೊಂದು ಕಡೆ ಚೆನ್ನೈನ 18ರ ಹುಡುಗ ಪ್ರಜ್ಞಾನಂದ, 2690. ಮೊದಲ ಎರಡೂ ಆಟ ಡ್ರಾ. ಟೈಬ್ರೇಕ್‌ನಲ್ಲಿ ಕಪ್ ಕಾರ್ಲ್‌ಸನ್ ಪಾಲಾಯಿತು. ಆದರೆ 145ರ ಅಂತರವಿದ್ದಾಗ ಫಿಡೆ ಕೋಷ್ಟಕದ ಪ್ರಕಾರ ದೊಡ್ಡವರಿಂದ ಪ್ರತಿ ಆಟಕ್ಕೆ 0.69 ಅಂಕ ನಿರೀಕ್ಷೆ. ಸಿಕ್ಕಿದ್ದು 0.5. ಹೀಗಾಗಿ ಒಂದೊಂದು ಡ್ರಾಕ್ಕೂ ಕಾರ್ಲ್‌ಸನ್ 1.9 ಪಾಯಿಂಟ್ ಕಳೆದುಕೊಂಡರು, ಪ್ರಜ್ಞಾನಂದ ಅಷ್ಟನ್ನೇ ಗಳಿಸಿದರು.

ನಮ್ಮ ಮಕ್ಕಳಿಗೆ ಇದು ಇನ್ನೂ ಲಾಭದ್ದು. 18ರೊಳಗಿನ, 2300ಕ್ಕಿಂತ ಕಡಿಮೆ ರೇಟಿಂಗ್‌ನವರಿಗೆ ಗುಣಕ 40. 1450ರ ಹುಡುಗಿ 1850ರ ದೊಡ್ಡವರ ಜೋಡಿ ಡ್ರಾ ಮಾಡಿದರೆ 16.8 ಪಾಯಿಂಟ್ ಬರುತ್ತದೆ. ಗುಣಕ 20 ಇರುವ ಎದುರಾಳಿಗೆ ಹೋಗುವುದು 8.4 ಮಾತ್ರ. ಅಂಗಡಿ ಕಿರ್ದಿಯಂತೆ ಜಮಾ-ಖರ್ಚು ತಾಳೆಯಾಗೋದಿಲ್ಲ ಇದು!

ಸೋಲುವ ಆಟವನ್ನು ಉಳಿಸಿಕೊಳ್ಳೋದು ಹೆಂಗ? ಎದುರಾಳಿ ಬಳಿ ಒಂಟೆ, ಜತೆಗೆ ಹಲಗೆಯ ಅಂಚಿನ ಒಂದು ಪ್ಯಾದೆ ಇದೆ ಎನ್ನಿ. ನಿಮ್ಮಲ್ಲಿ ಬರೀ ರಾಜ. ಪ್ಯಾದೆ ರಾಣಿಯಾಗುವ ಮೂಲೆಮನೆಯ ಬಣ್ಣ ಆ ಒಂಟೆಯ ಬಣ್ಣ ಅಲ್ಲದಿದ್ದರೆ, ನಿಮ್ಮ ರಾಜ ಆ ಮೂಲೆ ಸೇರಿ ಕೂತರೆ ಸಾಕು. ಅವರು ಎಷ್ಟು ತಿಣುಕಿದರೂ ಗೆಲುವಿಲ್ಲ. ಒತ್ತಾಯದಿಂದ ಮುಂದೆ ಬಂದರೆ ಸ್ಟೇಲ್‌ಮೇಟ್, ಅದೂ ಡ್ರಾನೇ. ದೊಡ್ಡ ರೇಟಿಂಗ್‌ನವರು ಅವಸರದಲ್ಲಿ ಇದಕ್ಕೆ ಸಿಕ್ಕಿಬೀಳೋದುಂಟು.

ಅದೇ ಸ್ಥಿತಿ ಮೂರು ಸಲ ಬಂದರೆ, ಅಥವಾ ಪ್ಯಾದೆ ನಡೆಸದೆ, ಕಾಯಿ ಹೊಡೆಯದೆ ಇಬ್ಬರೂ 50 ನಡೆ ಆಡಿದರೆ ಡ್ರಾ ಕೇಳಬಹುದು. ಸುಮ್ಮನೆ ಕೂತರೆ ಯಾರೂ ಕೊಡೋದಿಲ್ಲ. ಗಡಿಯಾರ ನಿಲ್ಲಿಸಿ ಆರ್ಬಿಟರ್‌ನ ಕರೀಬೇಕು. ಅದಕ್ಕೇ ಪ್ರತಿ ನಡೆ ಹಾಳೆಯಲ್ಲಿ ಬರೆದಿರಬೇಕು. ಡ್ರಾ ಕೇಳುವುದಾದರೆ ಮೊದಲು ನಡೆ ಆಡಿ, ಬಾಯಿಬಿಟ್ಟು ಕೇಳಿ, ಆಮೇಲೆ ಗಡಿಯಾರ ಒತ್ತಬೇಕು. ಪದೇಪದೇ ಕೇಳುವಂತಿಲ್ಲ.

ಇನ್ನೂ ರೇಟಿಂಗ್ ಇಲ್ಲದವರಿಗೆ ಈ ಅರ್ಧ ಅಂಕದ ಬೆಲೆ ಬೇರೆ. ಮೊದಲ ಟೂರ್ನಿಯಲ್ಲಿ ರೇಟಿಂಗ್ ಉಳ್ಳವರ ಎದುರು ಪೂರ್ತಿ ಸೊನ್ನೆ ಬಂದರೆ ಆ ಆಟಗಳು ಲೆಕ್ಕಕ್ಕೇ ಸೇರೋದಿಲ್ಲ. ಒಂದು ಡ್ರಾ ಆದರೂ ಖಾತೆ ತೆರೆಯುತ್ತದೆ.