ಹೋಬಳಿ ಶಾಲೆಯೂ ಪಠ್ಯಕ್ರಮದ ಸಂಶೋಧನೆಯೂ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಕಂದಿಕೆರೆ ಒಂದು ಹೋಬಳಿ ಕೇಂದ್ರ. ತೆಂಗಿನ ಸೀಮೆಯ ಊರು. ಈ ಸೀಮೆಯ ಕೊಬ್ಬರಿಗೆ ತಿಪಟೂರೇ ದೊಡ್ಡ ಪೇಟೆ. ‘ಹೋಬಳಿ’ ಎಂದೊಡನೆ ನಮಗೆ ಪಹಣಿ, ನಾಡಕಚೇರಿಗಳ ನೆನಪಾಗುತ್ತದೆ. ಆದರೆ ಮೈಸೂರು ಸಂಸ್ಥಾನದ ಶಿಕ್ಷಣದ ಇತಿಹಾಸವನ್ನು ಓದುವ ವಿದ್ಯಾರ್ಥಿಗೆ ಈ ಮಾತು ಬೇರೊಂದು ಕಾರಣಕ್ಕಾಗಿ ಮುಖ್ಯವಾದುದು. 1868ರಲ್ಲಿ ಬಿ.ಎಲ್. ರೈಸ್ ಅವರು ಹೋಬಳಿಗೊಂದು ಶಾಲೆ ಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಶಾಸನಗಳ ಸಂಪಾದಕರೆಂದು ನಾವು ನೆನೆಯುವ ಈ ರೈಸ್ ಅವರು ವಿದ್ಯಾ ಇಲಾಖೆಯ ಅಧಿಕಾರಿ. ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗಲೇ ಅವರಿಗೆ ಶಾಸನಗಳ ಪರಿಚಯವಾದದ್ದು.

ಅದಕ್ಕೆ ಮೊದಲು ಹಳ್ಳಿಗಳಲ್ಲಿ ಶಾಲೆಯೇ ಇರಲಿಲ್ಲವೆಂದು ತಿಳಿಯಬಾರದು. ಕೂಲಿಮಠಗಳಿದ್ದವು. ಮರಳಿನ ಮೇಲೆ ಅಕ್ಷರ ತಿದ್ದುವುದು, ಕಾಗುಣಿತ, ಮಗ್ಗಿ, ಬಾಯಿಲೆಕ್ಕ, ಅಮರಕೋಶ, ಜೈಮಿನಿ ಭಾರತದ ಪದ್ಯಗಳು—ಇವು ಅಲ್ಲಿನ ಪಾಠ. ಏನನ್ನು ಕಲಿಸಬೇಕೆಂಬುದು ರೂಢಿಯಿಂದ ಬಂದದ್ದು. ಅಯ್ಯಗಳು ಅದನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳುತ್ತಿದ್ದರು. ಅದು ಎಲ್ಲ ಜಾತಿಯ ಮಕ್ಕಳಿಗೂ ತೆರೆದ ಬಾಗಿಲಾಗಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಅಲ್ಲವೇ ಅಲ್ಲ. ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾದ ಮೇಲೆ, ಅದರಲ್ಲಿಯೂ ಹೋಬಳಿ ಶಾಲೆಗಳು ಬಂದ ಮೇಲೆ, ಪಾಠದ ಪಟ್ಟಿ ಅಚ್ಚಾಗಿ ಮೇಲಿನಿಂದ ಇಳಿಯತೊಡಗಿತು. ಲಾಭವೂ ಆಯಿತು, ನಷ್ಟವೂ ಆಯಿತು. ಶಾಲೆಯ ಬಾಗಿಲು ಕ್ರಮೇಣ ಅಗಲವಾಯಿತು. ಆದರೆ ಯಾವ ಪಾಠ, ಏಕೆ ಎಂದು ಕೇಳುವ ಅಧಿಕಾರ ಮೇಷ್ಟರ ಕೈ ತಪ್ಪಿತು.

ಈ ‘ಏಕೆ’ ಎಂಬ ಪ್ರಶ್ನೆಯೇ ಪಠ್ಯಕ್ರಮ ಅಧ್ಯಯನದ ಮೂಲ. ಪಠ್ಯಪುಸ್ತಕ ಬೇರೆ, ಪಠ್ಯಕ್ರಮ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪುಸ್ತಕ ಒಂದು ಸಾಧನ ಮಾತ್ರ. ಗುರಿ ಏನು, ಅದಕ್ಕೆ ಯಾವ ಅನುಭವ ಕೊಡಬೇಕು, ಅದನ್ನು ಯಾವ ಕ್ರಮದಲ್ಲಿ ಜೋಡಿಸಬೇಕು, ಕಲಿತದ್ದನ್ನು ಹೇಗೆ ಅಳೆಯಬೇಕು—ಇವೆಲ್ಲ ಸೇರಿ ಪಠ್ಯಕ್ರಮ. ಈ ನಾಲ್ಕು ಪ್ರಶ್ನೆಗಳನ್ನು 1949ರಲ್ಲಿ ಹೀಗೆ ಬಿಡಿಸಿಟ್ಟವರು ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ರಾಲ್ಫ್ ಟೈಲರ್. ಅದೇ ವಿಶ್ವವಿದ್ಯಾನಿಲಯದ ಫ್ರಾಂಕ್ಲಿನ್ ಬಾಬಿಟ್ 1918ರಲ್ಲಿಯೇ ಈ ವಿಷಯವಾಗಿ ಗ್ರಂಥ ಬರೆದಿದ್ದರು. ನಮ್ಮಲ್ಲಿ 1937ರ ವಾರ್ಧಾ ಸಮ್ಮೇಳನದ ನಂತರ ಝಾಕಿರ್ ಹುಸೇನರ ಸಮಿತಿ ಕೈಕಸುಬನ್ನೇ ನಡುವೆ ಇಟ್ಟು ಪಾಠಗಳನ್ನು ಹೆಣೆಯಿತು. ನೂಲುವ ಮಗು ನೂಲಿನಿಂದಲೇ ಲೆಕ್ಕವನ್ನೂ ಭೂಗೋಳವನ್ನೂ ಕಲಿಯಬೇಕೆಂಬ ಆ ವಿಚಾರ ತೆಂಗಿನ ಸೀಮೆಯವರಿಗೆ ಸುಲಭವಾಗಿ ಅರ್ಥವಾಗುವಂಥದು.

ಸ್ವಾತಂತ್ರ್ಯಾನಂತರ ಸಂಸ್ಥೆಗಳು ಒಂದರ ಹಿಂದೊಂದು ಬಂದವು. 1961ರಲ್ಲಿ ದೆಹಲಿಯಲ್ಲಿ ಎನ್.ಸಿ.ಇ.ಆರ್.ಟಿ., 1963ರಲ್ಲಿ ಮೈಸೂರಿನಲ್ಲಿ ಅದರ ಪ್ರಾದೇಶಿಕ ಶಿಕ್ಷಣ ಕಾಲೇಜು, 1964ರಿಂದ 66ರವರೆಗೆ ಕೊಠಾರಿ ಆಯೋಗ, 1975ರಲ್ಲಿ ಹತ್ತು ವರ್ಷದ ಶಾಲೆಯ ಪಠ್ಯಕ್ರಮದ ಚೌಕಟ್ಟು. ವಿಶ್ವವಿದ್ಯಾನಿಲಯಗಳ ಶಿಕ್ಷಣ ವಿಭಾಗಗಳು ಎಂ.ಎಡ್. ಮತ್ತು ಎಂ.ಫಿಲ್. ಪದವಿಗಳ ಮೂಲಕ ಸಂಶೋಧಕರನ್ನು ಸಿದ್ಧಪಡಿಸಿದವು.

ಈ ಪದವಿಯಲ್ಲಿ ನಡೆಯುವ ಕೆಲಸವಾದರೂ ಏನು? ಕಂದಿಕೆರೆಯ ಸುತ್ತಿನ ಶಾಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಐದನೆಯ ತರಗತಿಯ ಮಗುವಿಗೆ ಮನೆಯಲ್ಲಿ ಕಾಯಿ ಎಣಿಸುವುದು ಗೊತ್ತು. ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುವುದು ಗೊತ್ತು. ಕ್ವಿಂಟಲಿನ ಧಾರಣೆ ಏರಿಳಿದರೆ ಮನೆಯ ಖರ್ಚು ಏನಾಗುತ್ತದೆಂಬುದೂ ಗೊತ್ತು. ಇದೇ ಮಗು ಪುಸ್ತಕದ ಲಾಭ-ನಷ್ಟದ ಲೆಕ್ಕದಲ್ಲಿ ತಡವರಿಸಿದರೆ ಕಾರಣವೇನು? ಭಾಷೆಯೆ, ಉದಾಹರಣೆಯೆ, ಪಾಠಗಳ ಕ್ರಮವೆ? ‘ಪುಸ್ತಕ ಸರಿಯಿಲ್ಲ’ ಎಂದು ಜಗಲಿಯ ಮೇಲೆ ಕುಳಿತು ಹೇಳುವುದು ಸುಲಭ. ಸಂಶೋಧನಾ ವಿದ್ಯಾರ್ಥಿ ಹಾಗೆ ಹೇಳುವಂತಿಲ್ಲ. ಹಿಂದಿನವರ ಅಧ್ಯಯನಗಳನ್ನು ಓದಿ, ಪ್ರಶ್ನೆಯನ್ನು ಕಿರಿದು ಮಾಡಿ, ಶಾಲೆಗಳನ್ನು ಆಯ್ದು, ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡು, ಮಕ್ಕಳ ಉತ್ತರಗಳನ್ನು ಹೋಲಿಸಿ, ಕೊನೆಗೆ ತನ್ನ ಊಹೆಯೇ ಬಿದ್ದುಹೋದರೆ ಅದನ್ನೂ ಪ್ರಬಂಧದಲ್ಲಿ ಬರೆಯಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಪದವಿಯ ಬೆಲೆ ಇರುವುದು ಈ ಕೊನೆಯ ಮಾತಿನಲ್ಲಿ.

ಈ ತಾಲ್ಲೂಕಿನವರಿಗೆ ಪಾಠ ಕಟ್ಟುವ ಕೆಲಸ ಹೊಸದೇನೂ ಅಲ್ಲ. 1906ರಲ್ಲಿ ಇಲ್ಲಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ಕಾವ್ಯಮೀಮಾಂಸೆಯ ಘನ ಗ್ರಂಥ ಬರೆದವರು. ‘ಕನ್ನಡ ಮಧ್ಯಮ ವ್ಯಾಕರಣ’ವೆಂಬ ವಿದ್ಯಾರ್ಥಿಗಳ ಪುಸ್ತಕವನ್ನೂ ಬರೆದರು.

ಮೇಷ್ಟರೇ ಪಠ್ಯಕ್ರಮವನ್ನು ಬದಲಿಸಿದ ನಿದರ್ಶನ ಮೈಸೂರು ಜಿಲ್ಲೆಯಲ್ಲಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ಯನ್ನು ಆರಂಭಿಸಿದರು. ಪಾಠಗಳು ಕಾರ್ಡುಗಳಾದವು, ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿಯ ಮೆಟ್ಟಿಲು ಹತ್ತುವಂತಾಯಿತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ಒಂದು ತಾಲ್ಲೂಕಿನಲ್ಲಿ ಶಿಕ್ಷಕರೇ ಕಟ್ಟಿದ್ದು ಆದೇಶದ ಮೂಲಕ ಎಲ್ಲೆಡೆ ಹೋದಾಗ ಏನಾಗುತ್ತದೆ ಎಂಬುದು ಸಂಶೋಧಕರಿಗೆ ಒಳ್ಳೆಯ ಪ್ರಶ್ನೆ.

ಆದರೆ ಇಂಥ ಪ್ರಶ್ನೆ ಹಿಡಿದು ಹೊರಡುವ ದಾರಿ ಈಗ ಬದಲಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಬೇಡವೆಂದಿತು, 2022ರಲ್ಲಿ ಯು.ಜಿ.ಸಿ. ನಿಯಮದ ಮೂಲಕ ಅದನ್ನು ನಿಲ್ಲಿಸಿತು. ಪಿಎಚ್.ಡಿ.ಯ ಮುಂಚಿನ ಕಾಲಹರಣವೆಂದು ಅದನ್ನು ಹಳಿದವರುಂಟು. ಆದರೆ ಹಳ್ಳಿಯ ಶಾಲೆಯಲ್ಲಿ ಕೆಲಸದಲ್ಲಿರುವ ಶಿಕ್ಷಕಿಗೆ ನಾಲ್ಕೈದು ವರ್ಷದ ಪಿಎಚ್.ಡಿ. ಎಟುಕುವುದು ಕಷ್ಟ; ಒಂದೆರಡು ವರ್ಷದಲ್ಲಿ ಒಂದೇ ಪ್ರಶ್ನೆಯನ್ನು ಚೊಕ್ಕವಾಗಿ ಮುಗಿಸುವ ಈ ನಡುವಿನ ಮೆಟ್ಟಿಲು ಅವರಿಗೆ ಒದಗುತ್ತಿತ್ತು. ಈಗ ಉಳಿದಿರುವುದು ಎಂ.ಎಡ್.ನ ಪ್ರಬಂಧ. ಮೂರು ವರ್ಷದ ಪದವಿ ಪಡೆದವರಿಗೆ ಎರಡನೆಯ ವರ್ಷವನ್ನು ಪೂರ್ತಿ ಸಂಶೋಧನೆಗೇ ಮೀಸಲಿಡುವ ಸ್ನಾತಕೋತ್ತರ ವ್ಯಾಸಂಗಕ್ಕೂ ಅದೇ ನೀತಿ ಅವಕಾಶ ಕೊಟ್ಟಿದೆ. 2004ರಿಂದ ತುಮಕೂರಿಗೆ ತನ್ನದೇ ವಿಶ್ವವಿದ್ಯಾನಿಲಯವಿದೆ. ಮೈಸೂರಿನ ಪ್ರಾದೇಶಿಕ ಕಾಲೇಜು ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂಬ ಹೆಸರಿನಲ್ಲಿ ಮಾನಸಗಂಗೋತ್ರಿಯ ಬಳಿ ನಡೆಯುತ್ತಿದೆ. ಸೇರಬಯಸುವವರು ಅರ್ಜಿ ಹಾಕುವ ಮೊದಲೇ ತಮ್ಮ ಊರಿನ ಶಾಲೆಗೆ ಹೋಗಿ, ಒಂದು ವಾರ ಹಿಂದಿನ ಬೆಂಚಿನಲ್ಲಿ ಕುಳಿತು ಬಂದರೆ ಪ್ರಶ್ನೆ ತಾನಾಗಿಯೇ ಸಿಕ್ಕೀತು.