ಬಸವನಗುಡಿಯ ಹೋಟೆಲುಗಳು ಮತ್ತು ಸಂಜೆಯ ತಿಂಡಿ

1898ರ ಪ್ಲೇಗಿನ ಹಾವಳಿಯ ತರುವಾಯ ಬೆಂಗಳೂರು ಪೇಟೆಯ ದಟ್ಟಣೆಯನ್ನು ತಗ್ಗಿಸಲು ರೂಪುಗೊಂಡ ಬಸವನಗುಡಿ ಬಡಾವಣೆಯು, ಅಗಲವಾದ ನೇರ ರಸ್ತೆಗಳೂ ಸಾಲುಮರಗಳೂ ಇದ್ದುದರಿಂದ, ಕಾಲ್ನಡಿಗೆಗೆ ಒದಗಿದ ಪ್ರದೇಶವಾಗಿ ಬೆಳೆಯಿತು. ಹೊರಗೆ ಉಣ್ಣುವುದನ್ನು ಮಡಿವಂತ ಮನೆಗಳು ಒಪ್ಪದಿದ್ದ ಕಾಲದಲ್ಲಿ ಕರಾವಳಿಯ ಅಡುಗೆಯವರು ನಗರಕ್ಕೆ ಬಂದು, ಆ ಸಂಕೋಚವನ್ನು ಕಳೆಯಲೆಂದೋ ಏನೋ, ಜಾತಿಯ ಹೆಸರನ್ನೇ ಫಲಕಕ್ಕೇರಿಸಿದರು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ 1924ರಲ್ಲಿ ತೆರೆದ ‘ಬ್ರಾಹ್ಮಿನ್ ಕಾಫಿ ಕ್ಲಬ್’ (ಆಗ ‘ಕ್ಲಬ್’ ಎಂದರೆ ಉಪಾಹಾರ ಗೃಹ) ಮುಂದೆ ಎಂ.ಟಿ.ಆರ್. ಎನಿಸಿತು.

ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವು, ಸುತ್ತಲಿನ ವಿದ್ಯಾರ್ಥಿಗಳಿಂದ ಹೆಸರನ್ನೂ ದಪ್ಪನೆಯ ಮಸಾಲೆ ದೋಸೆಯಿಂದ ಕೀರ್ತಿಯನ್ನೂ ಪಡೆದು, ಲೇಖಕರು ಸೇರುವ ತಾಣವೂ ಆಯಿತು. ಇಂಥ ಹೋಟೆಲುಗಳ ಕಾಫಿ ಸಂಸ್ಕೃತಿಗೆ ಹಾಸನ, ಚಿಕ್ಕಮಗಳೂರು, ಕೊಡಗಿನ ತೋಟಗಳು ಹತ್ತಿರವಿದ್ದುದು ಅನುಕೂಲವೇ ಆಯಿತು.

ಬಸವನಗುಡಿಯ ರಾತ್ರಿಗೆ ಮದ್ಯದ ಅಗತ್ಯ ಅಷ್ಟಾಗಿ ಕಾಣುವುದಿಲ್ಲ: ಸಮೀಪದ ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿಯ ತಿಂಡಿ ಬೀದಿಯು ಸಂಜೆ ಎಚ್ಚೆತ್ತು, ಜನರು ನಿಂತುಕೊಂಡೇ ತಿನ್ನುವ ದೋಸೆ, ಹೋಳಿಗೆಗಳಿಂದಲೂ, ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿಯ ಬಗೆಬಗೆಯ ತಿನಿಸುಗಳಿಂದಲೂ ತುಂಬಿಕೊಳ್ಳುತ್ತದೆ.