ತಾಡೋಲೆಯ ಪಯಣ: ವಚನದ ಕಟ್ಟುಗಳು ಸಾಗಿ ಬಂದ ಬಗೆ



ವಚನಗಳನ್ನು ಇಂದು ನಾವು ಅಚ್ಚಾದ ಪುಸ್ತಕದಲ್ಲಿ ಓದುತ್ತೇವೆ. ಆ ಪುಸ್ತಕಕ್ಕೆ ಮೊದಲು ಓಲೆಯಿತ್ತು. ಓಲೆ ಉಳಿಯಬೇಕಾದರೆ ಅದನ್ನು ಹೊತ್ತ ಹೆಗಲುಗಳಿರಬೇಕಿತ್ತು. ಆ ಹೊರೆಯ ಇತಿಹಾಸವನ್ನು ಕುರಿತು ಎರಡು ಮಾತು ಇಲ್ಲಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

12ನೆಯ ಶತಮಾನದ ಕಲ್ಯಾಣ ಕ್ರಾಂತಿಯ ತರುವಾಯ ಚೆನ್ನಬಸವಣ್ಣನವರ ನೇತೃತ್ವದಲ್ಲಿ ಶರಣರ ಒಂದು ಸಮೂಹವು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಬೆನ್ನಟ್ಟಿದ ಸೈನ್ಯವನ್ನು ಮಡಿವಾಳ ಮಾಚಿದೇವರು ತಡೆದರೆಂದೂ, ಕಾದರವಳ್ಳಿಯಲ್ಲಿ ಕಾಳಗವಾಯಿತೆಂದೂ ಜನ ನೆನೆಯುತ್ತಾರೆ. ಭಕ್ತಿಯಿಂದ ನೆನೆಯುವುದು ಸರಿಯೇ. ಆದರೆ ಕಲ್ಯಾಣದಿಂದ ಹೊರಟ ಮೂಲ ಓಲೆಗಳು ಇಂದು ನಮ್ಮ ಕೈಯಲ್ಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ನಮಗೆ ದೊರೆತಿರುವವು ಶತಮಾನಗಳ ಅನಂತರ ಎತ್ತಿದ ಪ್ರತಿಗಳು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ (1424–1446) ವಿರಕ್ತರೂ ಶಿವಭಕ್ತ ಅಧಿಕಾರಿಗಳೂ ಸಂಕಲನಕ್ಕೆ ಕೈಹಾಕಿದರು. ಮುಂದೆ ಶೂನ್ಯಸಂಪಾದನೆಗಳು ಹುಟ್ಟಿದವು. ಒಂದು ಕಟ್ಟು ಹಾಳಾದರೂ ಇನ್ನೊಂದು ಮಠದಲ್ಲಿ ಅದರ ಪ್ರತಿ ಇರುತ್ತಿತ್ತು. ನಮ್ಮ ಹಿರಿಯರು ಕಂಡುಕೊಂಡ ಅತ್ಯಂತ ಗಟ್ಟಿಯಾದ ರಕ್ಷಣೆ ಇದೇ ಎಂದು ನನ್ನ ಭಾವನೆ.

ಕಟ್ಟಿನ ರಚನೆಯನ್ನೇ ನೋಡಿರಿ. ಗರಿಗಳಿಗೆ ರಂಧ್ರ ಕೊರೆದು ದಾರ ಪೋಣಿಸುತ್ತಾರೆ. ಮೇಲೊಂದು ಕೆಳಗೊಂದು ಮರದ ಹಲಗೆ. ಹಲಗೆ ಗರಿಗಿಂತ ತುಸು ದೊಡ್ಡದಿದ್ದರೆ ಅಂಚು ಮುರಿಯದು. ಅದರ ಮೇಲೆ ಹತ್ತಿಯ ವಸ್ತ್ರದ ಸುತ್ತು. ಹುಳು ಬಾರದಿರಲೆಂದು ಬಜೆಯ ಬೇರನ್ನೋ ಬೇವಿನ ಎಲೆಯನ್ನೋ ಇಡುವುದುಂಟು. ದಾರ ಬಿಗಿಯಾದರೆ ರಂಧ್ರ ಹರಿಯುತ್ತದೆ, ಸಡಿಲಾದರೆ ಗರಿಗಳು ಒಂದಕ್ಕೊಂದು ಉಜ್ಜಿ ಅಕ್ಷರ ಸವೆಯುತ್ತವೆ. ಕಂಠದಿಂದ ಕೊರೆದ ಗೀರಿನಲ್ಲಿ ಕಾಡಿಗೆ ನಿಂತಿದ್ದರೆ ತಾನೆ ಓದು?

ಇಲ್ಲಿ ಇನ್ನೊಂದು ವಿಚಾರವುಂಟು. ದಾರ ಹರಿದು ಗರಿಗಳು ಚದುರಿದರೂ ವಚನ ಅನಾಥವಾಗುವುದಿಲ್ಲ. ಕೊನೆಯ ಅಂಕಿತವೇ ಕರ್ತೃವನ್ನು ಹೇಳುತ್ತದೆ. ಶೂನ್ಯಸಂಪಾದನೆಯ ಗತಿ ಹಾಗಲ್ಲ. ಅದು ಸಂವಾದ, ಯಾರ ಮಾತಿಗೆ ಯಾರ ಉತ್ತರವೆಂಬುದು ಗರಿಯ ಅನುಕ್ರಮದಲ್ಲಿದೆ. ಆದುದರಿಂದ ಹಳೆಯ ಕಟ್ಟನ್ನು ಬಿಚ್ಚುವ ಮುನ್ನ ಗರಿಗಳ ಅಂಚಿನಲ್ಲಿರುವ ಅಂಕೆಗಳನ್ನು ನೋಡಿ, ಎಣಿಸಿ, ಇದ್ದ ಕ್ರಮದಲ್ಲಿಯೇ ಭಾವಚಿತ್ರ ತೆಗೆದಿಡಬೇಕು.

ನಮ್ಮ ಗೋಕಾಕ ಸೀಮೆಗೆ ಹತ್ತಿರದ ರಬಕವಿಯಲ್ಲಿ, 20ನೆಯ ಶತಮಾನದ ಆರಂಭದಲ್ಲಿ, ಒಂದು ಮನೆತನದವರು ಇರಿಸಿಕೊಂಡಿದ್ದ ತಾಡೋಲೆಗಳನ್ನು ಫ. ಗು. ಹಳಕಟ್ಟಿಯವರು (1880–1964) ಕಂಡರು. ವಿಜಯಪುರದ ವಕೀಲರು ಅಂದಿನಿಂದ ಊರೂರು ಅಲೆದು ಕಟ್ಟುಗಳನ್ನು ಸಂಗ್ರಹಿಸಿದರು, ಓದಿದರು, ಪಾಠ ಹೋಲಿಸಿದರು. ಅವರು ಸಿದ್ಧಪಡಿಸಿದ ಪ್ರತಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋಗಿ ಅಚ್ಚಾಗದೆ ಮರಳಿತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಯಿತು. ಸಾಲದ್ದಕ್ಕೆ ತಾವೇ ಹಿತಚಿಂತಕ ಮುದ್ರಣಾಲಯ ತೆರೆದು 1926ರಿಂದ 'ಶಿವಾನುಭವ'ವನ್ನು ಹೊರಡಿಸಿದರು. ಮಂಗಳೂರಿಗೆ ಹೋಗಿ ಬಂದ ಆ ಕಾಗದದ ಹೊರೆ ದಾರಿಯಲ್ಲಿ ಕಳೆದಿದ್ದರೆ? ಮೂಲ ಓಲೆ ವಿಜಯಪುರದಲ್ಲಿತ್ತೆಂಬುದೇ ಧೈರ್ಯ.

ಹೊರಲಾಗದ್ದನ್ನು ಕಾಯುವ ದಾರಿಯೂ ಬೇರೆ. ಕೂಡಲಸಂಗಮದಲ್ಲಿ ಜಲಾಶಯದ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಸ್ಥಳವನ್ನು ಕದಲಿಸದೆ, ಸುತ್ತ ಬಾವಿಯಂಥ ಗೋಡೆ ಎಬ್ಬಿಸಿ ನೀರನ್ನು ಹೊರಗೆ ನಿಲ್ಲಿಸಿದರು. ಓಲೆಗೆ ಆ ಭಾಗ್ಯವಿಲ್ಲ. ನೀರು ಬಂದರೆ ಅದು ಹೊರಡಲೇಬೇಕು.

ಆಗಸ್ಟ್ 2019ರಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಬೀದಿಗಳಿಗೆ ನುಗ್ಗಿದ್ದು ತಮಗೆಲ್ಲ ನೆನಪಿದೆ. ಆಗ ಹೊಳೆಯ ಸಮೀಪದ ಒಂದು ಮನೆಯ ಹಿರಿಯರು ದೇವರ ಜಗುಲಿಯಲ್ಲಿದ್ದ ಓಲೆಯ ಕಟ್ಟನ್ನು ತಲೆಯ ಮೇಲೆ ಹೊತ್ತು ಎತ್ತರದ ಓಣಿಗೆ ಬಂದರು. ಮಳೆಗೆ ತೋಯಬಾರದೆಂದು ಪ್ಲಾಸ್ಟಿಕ್ ತಾಡಪತ್ರಿಯಲ್ಲಿ ಬಿಗಿಯಾಗಿ ಸುತ್ತಿದ್ದರು. (ತಾಡಪತ್ರಕ್ಕೆ ತಾಡಪತ್ರಿಯ ಹೊದಿಕೆ! ನಮ್ಮ ಕಡೆಯ ಭಾಷೆಯ ವಿನೋದ.) ಆ ಹೊತ್ತಿಗೆ ಅದು ಸರಿಯಾದ ಕೆಲಸವೇ. ಆದರೆ ಮನೆ ತೊಳೆಯುವ ಗಡಿಬಿಡಿಯಲ್ಲಿ ಕಟ್ಟು ಹಾಗೆಯೇ ಹದಿನೈದು ದಿನ ಉಳಿಯಿತು. ಒಳಗೆ ಸೇರಿದ್ದ ತೇವ ಹೊರಬೀಳಲು ದಾರಿಯಿಲ್ಲದೆ ಬೂಷ್ಟು ಹಿಡಿಯಿತು. ಹತ್ತಿಯ ವಸ್ತ್ರ ಉಸಿರಾಡುತ್ತದೆ, ಪ್ಲಾಸ್ಟಿಕ್ ಉಸಿರಾಡದು. ದಾರಿಗೆ ಹೊರಹೊದಿಕೆಯಾಗಿ ಅದು ಇರಲಿ, ತಲುಪಿದೊಡನೆ ಬಿಚ್ಚಬೇಕು.

ಮಠಕ್ಕೆ ತಂದಾಗ ಬಿಸಿಲಿಗೆ ಹಾಕೋಣವೇ ಎಂದು ಕೇಳಿದರು. ಬೇಡವೆಂದೆವು, ಬಿಸಿಲಿಗೆ ಗರಿ ಮುರುಟಿ ಸಿಡಿಯುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಪಡಸಾಲೆಯಲ್ಲಿ, ಹತ್ತಿಯ ಬಟ್ಟೆಯ ಮೇಲೆ ಕ್ರಮ ತಪ್ಪದಂತೆ ಹರಡಿದೆವು. ಬೂಷ್ಟನ್ನು ಮೃದುವಾದ ಕುಂಚದಿಂದ ತೆಗೆದು, ನಿಂಬೆಹುಲ್ಲಿನ ಎಣ್ಣೆಯನ್ನು ಅರಿವೆಗೆ ತಾಕಿಸಿ ಹಗುರವಾಗಿ ಒರೆಸಿದೆವು. ಹೊಸ ದಾರ, ಹೊಸ ವಸ್ತ್ರ, ಅದೇ ಹಳೆಯ ಹಲಗೆಗಳು. ಮೂರು ಗರಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಲವಂತದಿಂದ ಬಿಡಿಸಿದರೆ ಅಕ್ಷರ ಕಿತ್ತುಬರುವುದೆಂದು ಅವನ್ನು ಹಾಗೆಯೇ ಇಟ್ಟಿದ್ದೇವೆ.